ಹೆಸರು ಹೇಳದವನ ಚರಿತ್ರಕಾರ

ವೀರಣ್ಣನವರು ಸ್ತೋಯಾನನ ಹೆಸರನ್ನು ಕುಳಿತು ಹೇಳಿದವರಲ್ಲ. ಊಟದ ನಡುವೆ ಮಾತು ಅತ್ತ ತಿರುಗಿದರೂ ಸಾಕು, ಎಂಜಲು ಕೈಯಲ್ಲೇ ಎದ್ದು ನಿಂತು, ಸುಲ್ತಾನನ ಸಾಮ್ರಾಜ್ಯದ ವಿರುದ್ಧ ಬಲ್ಗೇರಿಯದ ಹಳ್ಳಿಹಳ್ಳಿಗಳಲ್ಲಿ ಗುಪ್ತ ಸಮಿತಿಗಳನ್ನು ಕಟ್ಟಿದ ಆ ಕ್ರಾಂತಿಕಾರಿ, ಪಾದ್ರಿಯ ವೇಷದಲ್ಲಿ ಹಿಮದ ಕಣಿವೆಗಳನ್ನು ದಾಟಿದ್ದನ್ನೂ, ಸೆರೆಸಿಕ್ಕ ಮೇಲೆ ಹದಿನೇಳು ದಿನ ಚಿತ್ರಹಿಂಸೆ ಅನುಭವಿಸಿ ಒಬ್ಬನೇ ಒಬ್ಬ ಸಂಗಾತಿಯ ಹೆಸರನ್ನೂ ಬಾಯಿಬಿಡದೆ ನೇಣಿಗೇರಿದ್ದನ್ನೂ ಗದ್ಗದಿತರಾಗಿ ಹೇಳುವರು. ತಾವು ಕೆಲಸಕ್ಕೆಂದು ಬಂದು ನೆಲೆಸಿದ್ದ ಪರದೇಶದ ಊರಾದ ಸ್ಯಾನ್ ಮಟಿಯೋದ ಲೈಬ್ರರಿಯಲ್ಲಿ ಸಿಕ್ಕ ಹಳೆಯ ಪುಸ್ತಕವೊಂದರಿಂದ ಹತ್ತಿದ ಈ ಗೀಳು ಐದು ವರ್ಷಗಳಲ್ಲಿ ನಾನೂರು ಪುಟಗಳ ಕನ್ನಡ ಚರಿತ್ರೆಯಾಗಿ ಬೆಳೆದಿತ್ತು. ಮೇ ತಿಂಗಳ ಬಿಸಿಲಲ್ಲೂ ತೊಡುವ ಉದ್ದನೆಯ ಕರಿ ಕೋಟು, ಎದೆಯ ಮೇಲೆ ಕೈಯಿಟ್ಟು ಮಾತಾಡುವ ಗತ್ತು, ಎಲ್ಲವೂ ಆ ಹಳೆಯ ಪುಸ್ತಕದ ಮುಖಪುಟದ ಚಿತ್ರದಿಂದಲೇ ಬಂದವು. ಶುದ್ಧಪ್ರತಿ ಬರೆಯುವ ಶಿಕ್ಷೆ ಮಾತ್ರ ಹೆಂಡತಿ ಉಮಾಶ್ರೀಯದು. ಬರೆಯುತ್ತ ಬರೆಯುತ್ತ ಆಕೆಗೂ ಆ ಸತ್ತವನ ಮೇಲೆ ಒಡಹುಟ್ಟಿದವನ ಮೇಲಿನಂಥ ಮಮತೆ ಹುಟ್ಟಿಬಿಟ್ಟಿತ್ತು.

ಎರಡು ಸಾವಿರದ ಒಂದರಲ್ಲಿ ಡಾಟ್‌ಕಾಂ ಕಂಪನಿಗಳು ಒಂದೊಂದಾಗಿ ಬಾಗಿಲು ಮುಚ್ಚುತ್ತಿದ್ದಾಗ, ಆಫೀಸಿನ ಮೇಲಿನವರು ವೀರಣ್ಣನವರನ್ನು ಕರೆದು, ಅವರ ಟೀಮಿನ ಆರು ಜನರಲ್ಲಿ ತೆಗೆಯಬೇಕಾದ ಒಬ್ಬನ ಹೆಸರನ್ನು ಸಂಜೆಯೊಳಗೆ ಬರೆದುಕೊಡಲು ಹೇಳಿದರು. ವೀರಣ್ಣನವರು ಬರೆದುಕೊಟ್ಟು ಮನೆಗೆ ಬಂದು ಹೆಂಡತಿಗೆ ವಿಷಯ ತಿಳಿಸಿದರು.

“ಯಾರ ಹೆಸರ ಕೊಟ್ರಿ?” ಎಂದಳು ಉಮಾಶ್ರೀ.

“ಗುರುಕಿರಣಂದು.”

ಗುರುಕಿರಣ ಹುಬ್ಬಳ್ಳಿಯವನು, ಇವರೇ ಕರೆಸಿ ಕೆಲಸಕ್ಕೆ ಹಚ್ಚಿದವನು. ಕೆಲಸ ಹೋದರೆ ಅವನ ವೀಸಾವೂ ಹೋದಂತೆಯೇ.

“ಅಂವನ ಹೇಣ್ತಿ ಏಳ ತಿಂಗಳ ಬಸರಿ ಅದಾಳ್ರೀ!”

“ಉಳದಾವ್ರು ಗದ್ಲಾ ಮಾಡ್ತಿದ್ರು. ಇವಾ ಒಬ್ಬಾವ ನನಗ ಎದುರಾಡೂದಿಲ್ಲ.”

ಶನಿವಾರ ಗುರುಕಿರಣ ವಿದಾಯ ಹೇಳಲು ಬಂದ. ಬಗ್ಗಿ ಕಾಲು ಮುಟ್ಟಿದ. “ಸರ್, ನನ್ನ ಸಲುವಾಗಿ ನೀವು ಭಾಳ ಜಗಳಾಡಿರ್ತೀರಿ. ನನಗ ಗೊತ್ತದ,” ಎಂದ. ಅಡುಗೆಮನೆಯ ಬಾಗಿಲಲ್ಲಿ ನಿಂತ ಉಮಾಶ್ರೀ ಗಂಡನ ಮುಖವನ್ನೇ ನೋಡಿದಳು, ಈಗಲಾದರೂ ನಿಜ ಹೇಳಿಯಾರೆಂದು. ವೀರಣ್ಣನವರು ಅವನ ತಲೆಯ ಮೇಲೆ ಕೈಯಿಟ್ಟು, “ಇರ್ಲಿ ಬಿಡಪಾ,” ಎಂದರು.

ನೇಣಿನ ಅಧ್ಯಾಯದ ಶುದ್ಧಪ್ರತಿಗೆ ಉಮಾಶ್ರೀ ಪೆನ್ನು ಮುಟ್ಟಲಿಲ್ಲ. ಅವರೇ ಬರೆದರು, ಬರೆಯುತ್ತ ಅತ್ತರು. ಆ ಕಣ್ಣೀರು ನಿಜವಾದದ್ದು, ಆಕೆಗೆ ಅಸಹ್ಯವಾದದ್ದೂ ಅದೇ. ಹುತಾತ್ಮರನ್ನು ಪೂಜಿಸುವ ಇಂಥವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಹಗ್ಗವು ಬೇರೆ ಶತಮಾನದಲ್ಲಿ, ಬೇರೆಯವರ ಕೊರಳಲ್ಲಿ ಇರುವವರೆಗೆ ಅವರ ಭಕ್ತಿ ಅಪ್ಪಟವೇ. ಯಾರಾದರೂ ಒಂದು ಹೆಸರು ಕೇಳುವ ತನಕ ತಾವು ಯಾರ ಪಕ್ಷವೆಂದು ಅವರಿಗೆ ತಿಳಿದಿರುವುದಿಲ್ಲ. ಕೊಟ್ಟ ಮೇಲೂ ತಿಳಿಯುವುದಿಲ್ಲ.