ಓರಗಿತ್ತಿ ತಂದ ಲಿಲ್ಲಿ ಗೆಡ್ಡೆಗಳು

ಜ್ವರವೇನೋ ಬಿಟ್ಟುಹೋಯಿತು. ಆದರೆ ಹೋಗುವಾಗ ಟೈಲರಮ್ಮನಿಗೆ ವಾಸನೆಯೇ ತಿಳಿಯದಂತೆ ಮಾಡಿ ಹೋಯಿತು. ಹಾಲು ತಳ ಹಿಡಿದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಇಸ್ತ್ರಿಪೆಟ್ಟಿಗೆಯ ಕೆಳಗೆ ಗಿರಾಕಿಯ ಹೊಸ ಅಂಗಿ ಸುಟ್ಟು ಕರಕಲಾದ ದಿನ, ಅವಳು ಹೊಲಿಗೆ ಯಂತ್ರಕ್ಕೆ ಮುಸುಕು ಹಾಕಿ ಕೂತುಬಿಟ್ಟಳು. ಗಂಡ ಸಮಾಧಾನ ಮಾಡಲು ಹೋಗಿ, "ನನ್ನ ಕಾಲುಚೀಲದ ಕಾಟವಾದ್ರೂ ತಪ್ಪಿತಲ್ಲ" ಎಂದು ಬೈಸಿಕೊಂಡ.

ಚಳಿಗಾಲ ಮುಗಿಯುವ ಹೊತ್ತಿಗೆ ಓರಗಿತ್ತಿ ಬಂದಳು. ಮೈದುನನ ಹೆಂಡತಿ, ಬಸ್ ಕಂಡಕ್ಟರ್. ಇಬ್ಬರ ನಡುವೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಅವಳು ಚೀಲದಿಂದ ಗೆಡ್ಡೆಗಳನ್ನು ತೆಗೆದು ಮೇಜಿನ ಮೇಲೆ ಸುರಿದಳು.

"ಬೆಳ್ಳುಳ್ಳಿ ಯಾಕೆ ತಂದೆ? ಮನೇಲೇ ಇತ್ತಲ್ಲ."

"ಅಯ್ಯೋ ಅಕ್ಕ, ಅಡುಗೆಗೆ ಹಾಕಿಬಿಟ್ಟೀರಾ! ಲಿಲ್ಲಿ ಗೆಡ್ಡೆ ಇದು. ಬೇಸಿಗೇಲಿ ಹೂ ಬಿಟ್ರೆ ಮನೆಯೆಲ್ಲ ಘಮಘಮ."

"ನನ್ನಂಥವಳಿಗೆ ಘಮ ಕಟ್ಟಿಕೊಂಡು ಏನಾಗಬೇಕು?" ಟೈಲರಮ್ಮ ಗೆಡ್ಡೆಗಳನ್ನು ಅತ್ತ ಸರಿಸಿದಳು.

"ಇವತ್ತಿಲ್ಲ ಅಂದ್ರೆ ನಾಳೆನೂ ಇಲ್ಲ ಅಂತ ಯಾರು ಹೇಳಿದ್ರು? ಏಳಿ, ಸಲಿಕೆ ಎಲ್ಲಿದೆ?"

ಹಿತ್ತಲಲ್ಲಿ ಇಬ್ಬರೂ ಗೇಣಾಳದ ಗುಂಡಿಗಳನ್ನು ತೋಡಿದರು. ನೀರು ನಿಲ್ಲದಿರಲೆಂದು ತಳಕ್ಕೆ ಮರಳು ಹಾಕಿ, ಮೊನೆ ಮೇಲಾಗುವಂತೆ ಗೆಡ್ಡೆ ಕೂರಿಸಿ ಮಣ್ಣು ಮುಚ್ಚಿದರು. ಆಮೇಲೆ ಓರಗಿತ್ತಿ ಡ್ಯೂಟಿ ಮುಗಿಸಿ ಯೂನಿಫಾರಂನಲ್ಲೇ ಬಂದು ನೋಡಿ ಹೋಗತೊಡಗಿದಳು. ಗಿಡ ಎದೆಯೆತ್ತರ ಬೆಳೆದು ವಾಲತೊಡಗಿದಾಗ ಟೈಲರಮ್ಮ ತಾನೇ ಕೋಲು ನೆಟ್ಟು ಬಟ್ಟೆಯ ಅಂಚಿನಿಂದ ಕಟ್ಟಿದಳು. ಮರುದಿನ ಯಂತ್ರದ ಮುಸುಕನ್ನೂ ತೆಗೆದಳು.

ಬೇಸಿಗೆಯಲ್ಲಿ ಬಿಳಿ ಹೂಗಳು ಬಾಯ್ದೆರೆದವು. ಟೈಲರಮ್ಮ ಆಸೆಯಿಂದ ಮುಖ ಹುದುಗಿಸಿದಳು. ಮೂಗಿನ ತುದಿಗೆ ಪರಾಗದ ಬಣ್ಣ ಹತ್ತಿತೇ ಹೊರತು ಬೇರೇನೂ ದಕ್ಕಲಿಲ್ಲ. ಓರಗಿತ್ತಿ ನಗಲಿಲ್ಲ. ಕರವಸ್ತ್ರದಿಂದ ಒರೆಸಿ, "ನಾಳೆ ನೋಡೋಣ" ಎಂದಳು. ನಾಳೆಯೂ ಬಂದಳು, ನಾಡಿದ್ದೂ ಬಂದಳು.

ಒಂದು ಸಂಜೆ ಕಿಟಕಿಯ ಪಕ್ಕ ಕಾಜ ಹೊಲಿಯುತ್ತಿದ್ದ ಟೈಲರಮ್ಮ ಗದರಿದಳು: "ರೀ, ಲವಂಗದ ಡಬ್ಬಿ ಬೀಳಿಸಿದ್ರಾ?"

"ನಾನು ಅಡುಗೆಮನೆ ಕಡೆ ತಲೆನೇ ಹಾಕಿಲ್ಲ ಕಣೇ."

ಕೈಯಲ್ಲಿದ್ದ ಸೂಜಿ ಅಲ್ಲೇ ನಿಂತಿತು. ಅವಳು ಹಿತ್ತಲಿಗೆ ಓಡಿದಳು. ಹೌದು, ಲವಂಗದಂಥ ಆ ಘಮ ಹೂವಿನದೇ! ತೆಳ್ಳಗೆ, ಬಂದೂ ಬಾರದಂತೆ, ಆದರೆ ಇತ್ತು.

ಅಷ್ಟರಲ್ಲಿ ಬಂದ ಓರಗಿತ್ತಿಯನ್ನು ಬಾಗಿಲಲ್ಲೇ ತಬ್ಬಿಕೊಂಡಳು.

"ಬಿಡಿ ಅಕ್ಕ, ಮೈಯೆಲ್ಲ ಡೀಸೆಲ್ ವಾಸನೆ!"

"ಗೊತ್ತಾಗ್ತಿದೆ ಕಣೇ, ಗೊತ್ತಾಗ್ತಿದೆ!" ಟೈಲರಮ್ಮ ಅಳುತ್ತಲೇ ನಕ್ಕಳು. "ನಿನ್ನ ಉಪಕಾರನ ನಾನು ಹೇಗೆ..."

"ಉಪಕಾರವಂತೆ! ಬೆಳಗ್ಗಿಂದ ನಿಂತೇ ಇದ್ದೀನಿ, ಮೊದಲು ಕೂರೋಕೆ ಕುರ್ಚಿ ಕೊಡಿ."

ಟೈಲರಮ್ಮ ಎರಡು ಕುರ್ಚಿಗಳನ್ನು ಹಿತ್ತಲಿಗೆ ಎಳೆದು ಹಾಕಿದಳು. ಕತ್ತಲಾಗುವವರೆಗೂ ಅವಳು ಓರಗಿತ್ತಿಯ ಕೈ ಬಿಡಲಿಲ್ಲ.