ಕ್ಷಮೆ ಕೇಳುವ ಭಾನುವಾರ

"ಏ ಮುಂಡೆ, ಕೆಚ್ಚಲು ಹಿಡ್ಕಂಡು ನಿದ್ದೆ ಹೊಡೀತಿದೀಯೇನೆ? ಹಸೂಗೆ ಲಾಲಿ ಹಾಡೋಕೆ ಇಟ್ಕಂಡಿದೀನಾ ನಿನ್ನ?"

ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಕೂಗಿದವನು ಧಣಿ ವಲೇರಿ ಕುಜ್ಮಿಚ್ ಶೂಬಿನ್. ತಯೀಸಿಯಾ ತಲೆ ಎತ್ತಲಿಲ್ಲ. ಹಾಲು ಹಿಂಡುವ ಯಂತ್ರ ಚಳಿಗೆ ಕೆಟ್ಟು ಕೂತಿತ್ತು, ಕೈಯಲ್ಲೇ ಕರೆದು ಕರೆದು ಬೆರಳು ಸೆಟೆದುಕೊಂಡಿದ್ದವು. ಅವಳನ್ನು ಮುಂಡೆ ಎನ್ನುವುದಕ್ಕೆ ಊರಿನಲ್ಲಿ ಬೇರೆ ಯಾರಿಗೂ ಇಲ್ಲದ ಹಕ್ಕು ಶೂಬಿನ್‌ಗಿತ್ತು. ಅವಳನ್ನು ಹಾಗೆ ಮಾಡಿದವನೇ ಅವನು.

ಹೊರಟವನು ಏನೋ ನೆನಪಾಗಿ ತಿರುಗಿದ.

"ಸಾಯಂಕಾಲ ಚರ್ಚಿಗೆ ಬಂದು ಸಾಯಿ. ಕ್ಷಮೆ ಕೇಳೋ ಭಾನುವಾರ ಇವತ್ತು. ನಿನ್ನ ಹತ್ರಾನೂ ಕೇಳ್ಬೇಕಲ್ಲ, ಏನ್ ಮಾಡ್ಲಿ."

ಈಸ್ಟರ್‌ಗೆ ಮುಂಚಿನ ದೊಡ್ಡ ಉಪವಾಸ ಮರುದಿನ ಶುರುವಾಗುವುದಿತ್ತು. ಅದರ ಹಿಂದಿನ ಸಂಜೆ ಕಝಕಸ್ತಾನದ ಆ ಊರಿನ ರಷ್ಯನ್ನರೆಲ್ಲ ಚರ್ಚಿನಲ್ಲಿ ಸಾಲಾಗಿ ನಿಂತು ಒಬ್ಬೊಬ್ಬರಿಗೂ ಬಾಗಿ "ನನ್ನನ್ನು ಕ್ಷಮಿಸು" ಎನ್ನಬೇಕು. ಎದುರಿನವರು "ದೇವರು ಕ್ಷಮಿಸುತ್ತಾನೆ, ನಾನೂ ಕ್ಷಮಿಸಿದೆ" ಎನ್ನಬೇಕು. ಆಮೇಲೆ ಮೂರು ಮುತ್ತು. ಯಾವ ತಪ್ಪಿಗೆ ಎಂದು ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ. ಧಣಿಗಳಿಗೆ ಇದಕ್ಕಿಂತ ಅನುಕೂಲವಾದ ಹಬ್ಬ ಇನ್ನೊಂದಿಲ್ಲ.

"ನಿಮ್ಮ ದೇವ್ರು ಬಾಳ ಒಳ್ಳೇವ್ನು ಕಣಕ್ಕ," ಎಂದ ಓರಲ್‌ಬಾಯ್, ಸಗಣಿ ಬಾಚುತ್ತಾ. ಅವನು ಕಝಕ್, ಮುಸಲ್ಮಾನ, ಈ ಕೊಟ್ಟಿಗೆಯ ದನಗಾಹಿ. "ವರ್ಷಕ್ಕೊಂದು ಸಲ ಧಣಿಗೆ ಬಿಸಿನೀರು ಕಾಯಿಸಿ ಬೆನ್ನು ಉಜ್ಜಿ ಕಳಿಸ್ತಾನೆ. ನಮ್ಮವ್ನು ಇಷ್ಟು ಸಲೀಸಿಲ್ಲಪ್ಪ."

"ಬಾಯ್ ಮುಚ್ಕೊಂಡು ಬಾಚೋ, ಕೋಡಂಗಿ," ಎಂದಳು ತಯೀಸಿಯಾ. ಆದರೂ ನಗು ಬಂತು.

ಅವಳ ಗಂಡ ಸ್ತೆಪಾನ್ ಸತ್ತದ್ದು ಹಿಮ ಬೀಳುವುದಕ್ಕೆ ಮುಂಚೆ, ಇದೇ ಕೊಟ್ಟಿಗೆಯ ಹಿಂದಿನ ಸಗಣಿ ಗುಂಡಿಯಲ್ಲಿ. ಪಂಪಿಗೆ ಏನೋ ಸಿಕ್ಕಿಕೊಂಡಿತ್ತು. ಗುಂಡಿಯಲ್ಲಿ ವಿಷಗಾಳಿ ತುಂಬಿದೆ, ಇಳಿಯಲಾರೆ ಎಂದು ಸ್ತೆಪಾನ್ ಹೇಳಿದನಂತೆ. "ಅತ್ತರು ಹೊಡೆದು ಕೊಡ್ಲೇನೋ ಸೂಳೆಮಗನೆ? ಇಳೀತೀಯೋ, ಇವತ್ತೇ ಮನೆ ಖಾಲಿ ಮಾಡ್ತೀಯೋ?" ಎಂದು ಶೂಬಿನ್ ಕೂಗಿದ್ದನ್ನು ಓರಲ್‌ಬಾಯ್ ಕಿವಿಯಾರೆ ಕೇಳಿದ್ದ. ಅವರಿದ್ದ ಮನೆಯೂ ಶೂಬಿನ್‌ನದೇ. ಸ್ತೆಪಾನ್ ಇಳಿದ. ಓರಲ್‌ಬಾಯ್ ಹಗ್ಗ ತರಲು ಓಡಿ ಹೋಗಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಪೊಲೀಸರು ಬಂದಾಗ ಹೆಣದಿಂದ ವೋಡ್ಕಾ ವಾಸನೆ ಗಮ್ಮೆಂದು ಹೊಡೆಯುತ್ತಿತ್ತು. ಕುಡಿದು ಕಾಲು ಜಾರಿ ಬಿದ್ದ ಎಂದು ಅವರು ಷರಾ ಬರೆದರು. ಓರಲ್‌ಬಾಯ್ ಏನೋ ಹೇಳಲು ಹೋದರೆ, "ನೀನೂ ಕುಡಿದಿದೀಯಾ?" ಎಂದು ಕೇಳಿದರು. ಮಗಳು ಹುಟ್ಟಿದ ದಿನವೇ ಕುಡಿತ ಬಿಟ್ಟಿದ್ದ ಸ್ತೆಪಾನ್. ಮಗಳಿಗೆ ಈಗ ಮದುವೆಯಾಗಿದೆ. ಅಂಗಿ ಒಗೆದವಳು ತಯೀಸಿಯಾ. ವೋಡ್ಕಾ ಇದ್ದದ್ದು ಅಂಗಿಯ ಮೇಲೆ, ಅದೂ ಎದೆಯಿಂದ ಕೆಳಕ್ಕೆ ಸುರಿದ ಹಾಗೆ. ಬಾಯಿಯಲ್ಲಿದ್ದದ್ದು ಬರೀ ಸಗಣಿ.

ಶವಪೆಟ್ಟಿಗೆಯ ಮುಂದೆ ನಿಂತು ಪಾದ್ರಿ ಇನ್ನೊಕೆಂತಿ ಕುಡಿತದ ಕೆಡುಕಿನ ಬಗ್ಗೆ ಮನಮುಟ್ಟುವಂತೆ ಬೋಧನೆ ಮಾಡಿದರು. ಶೂಬಿನ್ ಕಣ್ಣೊರೆಸಿಕೊಂಡ. ಚರ್ಚಿನ ನೆತ್ತಿಯ ಮೇಲೆ ಮಿರಮಿರ ಮಿಂಚುವ ಗುಮ್ಮಟವನ್ನು ರಾಜಧಾನಿ ಅಸ್ತಾನಾದಿಂದ ತರಿಸಿಕೊಟ್ಟವನು ಅವನು. ಅಂಥವನ ಕಣ್ಣೀರಿಗೆ ತೂಕ ಜಾಸ್ತಿ.

ಅಂದಿನಿಂದ ತಯೀಸಿಯಾಗೆ ಪೂಜೆಯ ಬಟ್ಟಲಿಂದ ಕೊಡುವ ರೊಟ್ಟಿ, ದ್ರಾಕ್ಷಾರಸದ ಪರಮಪ್ರಸಾದವಿಲ್ಲ. "ಎದೆಯಲ್ಲಿ ದ್ವೇಷ ಇಟ್ಕೊಂಡು ಬಟ್ಟಲ ಹತ್ರ ಬರಬೇಡ. ಮೊದಲು ಕ್ಷಮಿಸೋದು ಕಲಿ," ಎಂದಿದ್ದರು ಪಾದ್ರಿ.

ಅವಳು ಕಲಿಯಲು ಕೂತಳು. ಪಾದ್ರಿಗಾಗಿ ಅಲ್ಲ. ಬಟ್ಟಲಿಲ್ಲದೆ ಅವಳಿಗೆ ಬದುಕು ಸಪ್ಪೆಯಾಗಿತ್ತು, ದ್ವೇಷ ಹೊತ್ತು ಹೊತ್ತು ಸಾಕಾಗಿಯೂ ಹೋಗಿತ್ತು. ಬೇಡವೆಂದರೂ ಶೂಬಿನ್ ನೆನಪಾಗಿ ಅವಳ ತಟ್ಟೆಯ ಮುಂದೆ ಕೂರುತ್ತಿದ್ದ, ಹಾಸಿಗೆಗೂ ಬರುತ್ತಿದ್ದ. ಹಾಲು ಕರೆಯುತ್ತಾ ಅವಳು ಪ್ರಾರ್ಥನೆ ಹೇಳಿಕೊಳ್ಳುತ್ತಿದ್ದಳು. 'ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸುವಂತೆ' ಎನ್ನುವಲ್ಲಿಗೆ ಬಂದರೆ ನಾಲಿಗೆ ಮುಂದಕ್ಕೆ ಹೋಗುತ್ತಿರಲಿಲ್ಲ. ತನ್ನದೇ ಕಲ್ಲೆದೆ ಎಂದು ಬೈದುಕೊಂಡಳು. ಒಂದು ದಿನ, ಹಸುವಿನ ಹೊಟ್ಟೆಗೆ ಹಣೆ ಆನಿಸಿ ಕೂತಿದ್ದಾಗ, ಇದ್ದಕ್ಕಿದ್ದಂತೆ ಗೊತ್ತಾಯಿತು. ತಪ್ಪು ಮಾಡಿದವರೇ ಇರಲಿಲ್ಲವಲ್ಲ! ಊರಿನ ಲೆಕ್ಕದಲ್ಲಿ ಸ್ತೆಪಾನ್ ಕುಡಿದ, ಸ್ತೆಪಾನ್ ಬಿದ್ದ, ಸ್ತೆಪಾನ್ ಸತ್ತ. ಹಾಗಾದರೆ ಕ್ಷಮಿಸುವುದು ಯಾರನ್ನು?

ಈ ಭಾನುವಾರ ಮಧ್ಯಾಹ್ನ ಪಾದ್ರಿ ಅವಳ ಮನೆಗೇ ಬಂದರು. ಅವಳು ಬ್ಲಿನಿ ಹುಯ್ಯುತ್ತಿದ್ದಳು. ಬೆಣ್ಣೆ ಸವರಿದ ಆ ತೆಳು ದೋಸೆಗಳನ್ನು ನಾಳೆಯಿಂದ ಮುಟ್ಟುವಂತಿಲ್ಲವಾದ್ದರಿಂದ ಪಾದ್ರಿ ಧಾರಾಳವಾಗಿಯೇ ತಿಂದರು.

"ಇವತ್ತು ವಲೇರಿ ಕುಜ್ಮಿಚ್ ನಿನ್ನ ಮುಂದೆ ಬಾಗ್ತಾರೆ. ದೊಡ್ಡ ಮನುಷ್ಯ, ತಾನಾಗೇ ಬಾಗ್ತೀನಿ ಅಂದಿದಾರೆ. ಊರೆಲ್ಲ ನೋಡ್ತಿರುತ್ತೆ. ಮರ್ಯಾದೆ ಉಳಿಸಮ್ಮ."

"ಯಾರ ಮರ್ಯಾದೆ ಸ್ವಾಮಿ?"

"ಚರ್ಚಿಂದು."

"ಸ್ವಾಮಿ, ನಂಗೊಂದು ಬುದ್ಧಿ ಹೇಳಿ. ನನ್ನ ಗಂಡ ಕುಡಿದು ಬಿದ್ದ ಅಂತೀರಿ. ಧಣಿ ತಪ್ಪೇನೂ ಇಲ್ಲ ಅಂತೀರಿ. ಮತ್ತೆ ಅವರನ್ನ ಕ್ಷಮಿಸು ಅಂತ ಯಾಕೆ ನನ್ನ ಪ್ರಾಣ ತಿಂತೀರಿ?"

ಪಾದ್ರಿ ಬೆರಳ ಬೆಣ್ಣೆ ನೆಕ್ಕುವುದನ್ನು ನಿಲ್ಲಿಸಿದರು. "ತರ್ಕ ಮಾಡಬಾರದು ತಾಯಿ. ಸೈತಾನ ತರ್ಕದಿಂದಲೇ ಒಳಗೆ ಬರೋದು," ಎಂದು ಇನ್ನೊಂದು ದೋಸೆ ಮಡಚಿಕೊಂಡು ಎದ್ದರು.

ಸಂಜೆ ಚರ್ಚು ಕಿಕ್ಕಿರಿದಿತ್ತು. ಪಾದ್ರಿ ಮೊದಲು ಜನಕ್ಕೆ ಸಾಷ್ಟಾಂಗ ಬಿದ್ದರು. ಅವರ ಪಕ್ಕದಲ್ಲಿ ಶೂಬಿನ್, ಆಮೇಲೆ ಶೂಬಿನ್‌ನ ಹೆಂಡತಿ, ಆಮೇಲೆ ಅಂತಸ್ತಿನ ಪ್ರಕಾರ ಉಳಿದವರು. ಒಬ್ಬೊಬ್ಬರೇ ಆ ಸಾಲಿನ ಮುಂದೆ ಬಾಗುತ್ತಾ, ಮುತ್ತು ಕೊಡುತ್ತಾ ಸಾಗಬೇಕು. ಈಸ್ಟರ್ ಬರುತ್ತಿದೆ ಎಂದು ನೆನಪಿಸಲು ಮೇಲಟ್ಟದಲ್ಲಿ ಹೆಂಗಸರು ಪುನರುತ್ಥಾನದ ಹಾಡು ಹಾಡುತ್ತಿದ್ದರು. ಶೂಬಿನ್ ಚುರುಕಾಗಿದ್ದ. ಅವನಿಂದ ಕೂಲಿ ಬಾಕಿ ಬರಬೇಕಾದವರು, ಅವನ ಹೊಡೆತ ತಿಂದವರು, ಎಲ್ಲರೂ "ದೇವರು ಕ್ಷಮಿಸುತ್ತಾನೆ" ಎಂದು ಅವನ ಕೆನ್ನೆ ಒದ್ದೆ ಮಾಡಿ ಮುಂದೆ ಹೋಗುತ್ತಿದ್ದರು. ಅವನ ಟ್ರಾಕ್ಟರ್ ಓಡಿಸುವ ಫೆದೋತ್ ತಯೀಸಿಯಾಳ ಹಿಂದೆಯೇ ನಿಂತಿದ್ದ. ಸ್ತೆಪಾನ್ ಜೊತೆ ಬಾಲ್ಯದಿಂದ ಮೀನು ಹಿಡಿದವನು, ಈಗ ಅವಳ ಬೆನ್ನನ್ನು ಸಹ ನೋಡಲಾರದೆ ನೆಲ ನೋಡುತ್ತಿದ್ದ.

ಅವಳ ಸರದಿ ಬಂತು. ನೆಲಕ್ಕೆ ಹಣೆ ಮುಟ್ಟಿಸಿ ಎದ್ದಳು.

"ನನ್ನ ಕ್ಷಮಿಸಿ ಧಣಿ. ನೀವು ಆ ಗುಂಡಿಗೇ ಬಿದ್ದು ಸಾಯ್ಬೇಕು ಅಂತ ದಿನಾ ಬೇಡ್ಕೊಂಡಿದೀನಿ. ನಿಮ್ಮನೆಗೆ ಹೋಗೋ ಹಾಲಿಗೆ ಉಗಿದಿದೀನಿ."

ಶೂಬಿನ್‌ನ ಹೆಂಡತಿ ಬಾಯಿಗೆ ಕರವಸ್ತ್ರ ಒತ್ತಿಕೊಂಡಳು. ಶೂಬಿನ್‌ನ ಮುಖ ಕೆಂಪಾಯಿತು. ಆದರೂ ಜನ ನೋಡುತ್ತಿದ್ದರು. "ದೇವರು ಕ್ಷಮಿಸುತ್ತಾನೆ, ನಾನೂ ಕ್ಷಮಿಸಿದೆ," ಎಂದು ಹಲ್ಲು ಕಚ್ಚಿ ಹೇಳಿ, "ನನ್ನನ್ನೂ ಕ್ಷಮಿಸು," ಎಂದು ಕೆನ್ನೆ ಮುಂದೆ ಮಾಡಿದ.

"ಯಾವುದಕ್ಕೆ?"

"ಆಂ?"

"ಯಾವುದಕ್ಕೆ ಅಂತ ಹೇಳಿ ಧಣಿ. ನಾನು ಹೇಳಿದ್ನಲ್ಲ ಹಂಗೆ. ಕ್ಷಮಿಸ್ಲೇಬೇಕು ಅಂತ್ಲೇ ಬಂದಿದೀನಿ."

"ಎಲ್ಲಾದಕ್ಕೂ."

"ಎಲ್ಲಾದಕ್ಕೂ ದೇವರು ನೋಡ್ಕೋತಾನೆ. ನಂದು ಒಂದೇ ಒಂದು. ಸ್ತೆಪಾನ್‌ಂದು."

"ಸಾಲು ಮುಂದಕ್ಕೆ ಹೋಗಲಿ, ಸಾಲು!" ಎಂದು ಪಾದ್ರಿ ಅವಸರಪಡಿಸಿದರು. ಅವಳು ಕದಲಲಿಲ್ಲ. ಹಿಂದಿನವರು ಒಬ್ಬರ ಮೇಲೊಬ್ಬರು ಒತ್ತಿಕೊಂಡರು. ಮೇಲಟ್ಟದ ಹೆಂಗಸರು ಹಾಡು ಬಿಟ್ಟು ಕೆಳಗೆ ಬಗ್ಗಿ ನೋಡತೊಡಗಿದರು.

"ಅವನು ಕುಡಿದು ಬಿದ್ದ ಕಣೆ!" ಎಂದ ಶೂಬಿನ್.

"ಇಲ್ಲ," ಎಂದಿತು ಅವಳ ಬೆನ್ನ ಹಿಂದಿನಿಂದ ಒಂದು ಧ್ವನಿ. ಫೆದೋತ್ ಮಂಡಿಯೂರಿದ್ದ. "ವೋಡ್ಕಾ ಸುರಿದಿದ್ದು ನಾನು, ತಯೀಸಿಯಾ. ಬಾಟ್ಲಿ ಧಣಿ ಕೊಟ್ರು. ನಾನು ಅವನೆದೆ ಮೇಲೆ ಸುರಿದೆ. ಮೈ ಇನ್ನೂ ಬೆಚ್ಚಗಿತ್ತು. ನನ್ನ ಕ್ಷಮಿಸವ್ವ."

ತಯೀಸಿಯಾ ತಿರುಗಿ ಅವನ ಕೆನ್ನೆಗೆ ಬಾರಿಸಿದಳು. ಗುಮ್ಮಟದವರೆಗೂ ಕೇಳಿಸುವಂತಿತ್ತು ಆ ಏಟು. ಆಮೇಲೆ ಅತ್ತಳು. ಅಳುತ್ತಲೇ ಅವನ ಎದುರು ಮಂಡಿಯೂರಿ, ಅವಳದೇ ಐದು ಬೆರಳು ಮೂಡಿದ್ದ ಕೆನ್ನೆಗೆ ಮುತ್ತಿಟ್ಟಳು.

"ದೇವರು ಕ್ಷಮಿಸುತ್ತಾನೆ ಫೆದೋತ್. ನಾನೂ ಕ್ಷಮಿಸಿದೆ ಕಣೋ, ಬೋಳಿಮಗನೆ."

ಎದೆಯಿಂದ ಏನೋ ಇಳಿದ ಹಾಗಾಯಿತು ಅವಳಿಗೆ. ಎಷ್ಟು ಸುಲಭ ಎಂದು ಆಶ್ಚರ್ಯವೂ ಆಯಿತು. ಎದ್ದು, ಮೂಗೊರೆಸಿಕೊಂಡು, ಮತ್ತೆ ಶೂಬಿನ್ ಎದುರು ನಿಂತಳು.

"ನೋಡಿದ್ರಲ್ಲ ಧಣಿ. ಇಷ್ಟೇ. ನೋವಾಗೋದು ಒಂದು ಗಳಿಗೆ."

ಶೂಬಿನ್ ಅವಳ ಕಿವಿಯ ಹತ್ತಿರ ಬಗ್ಗಿದ. ಮುತ್ತು ಕೊಡುತ್ತಿದ್ದಾನೆಂದು ಹಿಂದಿನವರು ತಿಳಿದಿರಬೇಕು.

"ನಾಳೆಯಿಂದ ಕೊಟ್ಟಿಗೆ ಕಡೆ ತಲೆ ಹಾಕ್ಬೇಡ. ಮನೇನೂ ಬೆಳಗ್ಗೆಗೆ ಖಾಲಿ ಮಾಡು. ಬೀದೀಲಿ ಸಾಯಿ, ಮುಂಡೆ."

"ಅದನ್ನ ಮುಂದಿನ ವರ್ಷ ಕ್ಷಮಿಸ್ತೀನಿ," ಎಂದಳು ತಯೀಸಿಯಾ, ಎಲ್ಲರಿಗೂ ಕೇಳುವಂತೆ. "ಈಗ ಸ್ತೆಪಾನ್‌ಂದು ಹೇಳಿ."

ಪಾದ್ರಿ ಹಾಡುವವರಿಗೆ ಕೈಸನ್ನೆ ಮಾಡಿದರು. ಮೇಲಟ್ಟದಲ್ಲಿ ಯಾರೂ ಬಾಯಿ ತೆರೆಯಲಿಲ್ಲ. ಬಾಗಿಲವರೆಗೂ ಜನ ಹಾಗೆಯೇ ನಿಂತಿದ್ದರು. ಇನ್ನೂ ಸರದಿ ಬರದವರಲ್ಲಿ ಒಬ್ಬ ಮುದುಕ, ಆಮೇಲೆ ಹಾಲು ಕರೆಯುವ ಇನ್ನೊಬ್ಬ ಹೆಂಗಸು, ಶೂಬಿನ್‌ಗೆ ಬಾಗಿ ಬಂದಿದ್ದವರು ಕೂಡ ಕೆಲವರು, ತಮ್ಮದಕ್ಕೂ ಉತ್ತರ ಬೇಕೆನ್ನುವವರಂತೆ ಮೆಲ್ಲಗೆ ಬಂದು ತಯೀಸಿಯಾಳ ಹಿಂದೆ ಸೇರಿಕೊಂಡರು.