ಒಂದೇ ರಿಂಗು

ಚಿತಾಗಾರದಲ್ಲಿ ಶವಪೆಟ್ಟಿಗೆಯ ಮುಚ್ಚಳ ಹಿಡಿದು ನಿಂತಿದ್ದ ನೌಕರ ಗಡಿಯಾರ ನೋಡಿದ. ನಿರುಪಮಾ ಗಂಡನ ಅಂಗಿಯ ತೋಳಿನ ಗುಂಡಿಯನ್ನು ಮೂರನೆಯ ಸಲ ಮುಟ್ಟಿ ನೋಡುತ್ತಿದ್ದಳು. ಹೀಗೆ ಮೂರು ಸಲ ನೋಡುವುದು ಅವಳ ಅಭ್ಯಾಸವಲ್ಲ, ಗಂಡ ಶೇಷಗಿರಿಯದು. ಒಲೆ, ಬೀಗ, ಮಗಳ ಶೂ ಲೇಸು, ಯಾವುದೂ ಅವನಿಗೆ ಒಂದು ಸಲಕ್ಕೆ ಮುಗಿದದ್ದೇ ಇಲ್ಲ.

"ಅತ್ತಿಗೆ, ಹನ್ನೊಂದೂವರೆಗೆ ಬೇರೆಯವರು ಟರ್ಮಿನ್ ತಗೊಂಡು ಹೊತ್ತು ಗೊತ್ತು ಮಾಡ್ಕೊಂಡಿದಾರಂತೆ," ಎಂದ ಮಾಧವ್. ಶೇಷಗಿರಿಯ ಜೊತೆ ಒಂದೇ ಕಾರ್ಖಾನೆಯಲ್ಲಿದ್ದವನು. "ಸ್ಟಾಂಡೆಸಾಮ್ಟ್ ನೋಂದಣಿ ಕಚೇರಿಯಿಂದ ಮರಣದ ಪೇಪರ್ ಸಿಗೋಕೆ ಆರು ದಿನ, ಇಲ್ಲಿ ನೋಡಿದ್ರೆ ಅರ್ಧ ಗಂಟೆ."

"ಸುಡೋಕೂ ಟರ್ಮಿನ್ ಬೇಕು ಈ ದೇಶದಲ್ಲಿ," ಎಂದಳು ನಿರುಪಮಾ.

ಎಂಟು ವರ್ಷದ ಇಳಾ, ಪಾಪಾಗೆ ಚಳಿಯಾಗುವುದಿಲ್ಲವೇ ಎಂದು ಜರ್ಮನ್‌ನಲ್ಲಿ ಕೇಳಿದಳು.

"ಶಾಲು ಹೊದಿಸಿದೀನಿ ಪುಟ್ಟ."

ಹಿಂದಿನ ಸಾಲಿನಲ್ಲಿ ಕಾರ್ಖಾನೆಯ ಸೂಪರ್‌ವೈಸರ್ ಆಲೋಯಿಸ್ ಒಬ್ಬನೇ ಕೂತಿದ್ದ. ನಿರುಪಮಾ ಅವನ ಕಡೆ ತಿರುಗಿ ನೋಡಿದಳು. ಅವಳಿಗೆ ಬೇಕಾಗಿದ್ದ ಉತ್ತರ ಇದ್ದರೆ ಅವನ ಹತ್ತಿರವೇ ಇರಬೇಕು.

*

ಜರ್ಮನಿಯವರು ಕಂಪ್ಯೂಟರ್ ಕೆಲಸದವರಿಗೆ ಕೊಡುತ್ತಿದ್ದ ಗ್ರೀನ್ ಕಾರ್ಡಿನ ಮೇಲೆ ರೇಗನ್ಸ್‌ಬರ್ಗ್‌ಗೆ ಬಂದು ಮೂರು ವರ್ಷವಾಗಿತ್ತು. ಕಾರಿನ ಬಿಡಿಭಾಗಗಳ ಕಾರ್ಖಾನೆ. ಯಂತ್ರಗಳನ್ನು ನಡೆಸುವ ಕಂಪ್ಯೂಟರುಗಳಿಗೆ ಹೊರಗಿನವರು ನುಗ್ಗದ ಹಾಗೆ ಕಾಯುವುದು ಶೇಷಗಿರಿಯ ಕೆಲಸ. ಏನೂ ಆಗಲಿಲ್ಲವೆಂದರೆ ಅವನು ಕೆಲಸ ಮಾಡಿದ್ದಾನೆಂದು ಅರ್ಥ. ಏನೂ ಆಗದ್ದಕ್ಕೆ ಯಾರು ತಾನೇ ಬೆನ್ನು ತಟ್ಟುತ್ತಾರೆ?

ಪ್ರತಿ ಶುಕ್ರವಾರ ಮಧ್ಯಾಹ್ನ, ಯಂತ್ರ ಮಾಡಿಕೊಟ್ಟ ಕಂಪನಿಯವರು ತಮ್ಮೂರಲ್ಲೇ ಕೂತು ಫೋನ್ ವೈರಿನ ಮೂಲಕ ಒಳಗೆ ಬಂದು ರಿಪೇರಿ ಮಾಡುತ್ತಿದ್ದರು. ಅವರು ಬರುವ ದಾರಿಯಲ್ಲೇ ಕಳ್ಳನೂ ಬರಬಹುದು. ಆದ್ದರಿಂದ ಕೆಲಸ ಮುಗಿದೊಡನೆ ಆ ವೈರನ್ನು ಕಿತ್ತಿಡಬೇಕು. "ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿ ಏನು ಬಂತು?" ಎನ್ನುತ್ತಿದ್ದ ಶೇಷಗಿರಿ.

ಕೀಳುವವನು ಮಧ್ಯಾಹ್ನದ ಪಾಳಿಯ ಆಲೋಯಿಸ್. ಕಿತ್ತಾಯಿತೆಂದು ತಿಳಿಸಲು ಶೇಷಗಿರಿ ಅವನಿಗೆ ನಮ್ಮ ಕಡೆಯ ಮಿಸ್ಡ್ ಕಾಲ್ ಕಲಿಸಿದ. ಮನೆಗೆ ಒಂದೇ ರಿಂಗು ಕೊಟ್ಟು ಇಡಬೇಕು. ಇವನು ತಿರುಗಿ ಒಂದು ರಿಂಗು ಕೊಟ್ಟರೆ ತಿಳಿಯಿತು ಎಂದರ್ಥ. ಮಾತಿಲ್ಲದ ಫೋನು ಎಂದು ಆ ಬವೇರಿಯದವನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದನಂತೆ. ಆದರೂ ಎರಡು ವರ್ಷ ಒಂದು ಶುಕ್ರವಾರವೂ ತಪ್ಪಿಸಲಿಲ್ಲ. ಸಂಜೆ ಆರಕ್ಕೆ ರಿಂಗು ಬಂತೆಂದರೆ ಶೇಷಗಿರಿ ಕಾಲು ಚಾಚಿ ಕಾಫಿ ಕೇಳುತ್ತಿದ್ದ.

ಕಳೆದ ಶುಕ್ರವಾರ ರಿಂಗು ಬರಲಿಲ್ಲ. ಇವನೇ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಶನಿವಾರ ಬೆಳಿಗ್ಗೆ, ಇಳಾಳನ್ನು ಈಜಿಗೆ ಕರೆದೊಯ್ಯುವ ಹೊತ್ತಿಗೆ, ತಿಂಡಿ ಬಿಟ್ಟು ಕಾರ್ಖಾನೆಗೆ ಹೋಗಲು ಶೂ ಹಾಕಿಕೊಂಡ.

"ನನ್ನನ್ನ ಯಾಕೆ ಕಟ್ಕೊಂಡ್ರಿ? ಆ ವೈರನ್ನೇ ಕಟ್ಕೋಬೇಕಿತ್ತು," ಎಂದಳು ನಿರುಪಮಾ.

ಅವನು ನಕ್ಕು ಹೋದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕಾವಲಿನವರು ನೋಡುವಾಗ ಆ ವೈರಿನ ಪೆಟ್ಟಿಗೆಯ ಮುಂದೆಯೇ ಬಿದ್ದಿದ್ದ, ಹೃದಯ ನಿಂತಿತ್ತು. ವೈರು ಕಿತ್ತದ್ದನ್ನು ಕಂಡು ನೆಮ್ಮದಿಯಾಗಿ ಹೋದನೇ, ಆತಂಕದಲ್ಲೇ ಹೋದನೇ? ಆರು ದಿನದಿಂದ ನಿರುಪಮಾಳನ್ನು ಕೊರೆಯುತ್ತಿದ್ದುದು ಇದೊಂದೇ.

*

ಆಲೋಯಿಸ್ ಎದ್ದು ಬಂದು ಟೋಪಿ ಹಿಸುಕುತ್ತ, ಅವಳಿಗೆ ಹಿಡಿಯದ ಬವೇರಿಯದ ಜರ್ಮನ್‌ನಲ್ಲಿ ಏನೋ ಹೇಳತೊಡಗಿದ. ಕೇಳುತ್ತಿದ್ದ ಮಾಧವ್‌ನ ಮುಖ ಇಳಿಯಿತು.

"ಏನಂತಪ್ಪ?"

"ಅತ್ತಿಗೆ... ವೈರು ಶುಕ್ರವಾರವೇ ಕಿತ್ತಿದ್ರಂತೆ. ಅಷ್ಟರಲ್ಲಿ ಮಗಳಿಗೆ ಹೆರಿಗೆ ಆಯ್ತು ಅಂತ ಸುದ್ದಿ ಬಂತಂತೆ. ಆಸ್ಪತ್ರೆಗೆ ಓಡೋ ಸಡಗರದಲ್ಲಿ ರಿಂಗು ಕೊಡೋದು ಮರೆತುಬಿಟ್ರಂತೆ."

ಒಂದು ರಿಂಗು! ನಿರುಪಮಾ ಮಾಧವ್‌ನ ಕಡೆ ತಿರುಗಿದಳು.

"ಕಿತ್ತಿರೋದನ್ನ ನಮ್ಮವರು ನೋಡಿದ್ರಾ, ಕೇಳು."

ಮಾಧವ್ ಕೇಳಿದ. ಆಲೋಯಿಸ್ ತನ್ನ ಬಲಗೈ ಮುಷ್ಟಿ ಕಟ್ಟಿ ತೋರಿಸಿದ.

"ನೋಡಿದ್ರಂತೆ ಅತ್ತಿಗೆ. ಕಾವಲಿನವರು ನೋಡಿದಾಗ ಕಿತ್ತ ವೈರಿನ ತುದಿ ಅವರ ಕೈಯಲ್ಲೇ ಇತ್ತಂತೆ."

ಅವಳಿಗೆ ಅಳು ಒತ್ತರಿಸಿ ಬಂತು. ಆಲೋಯಿಸ್ ಮುಷ್ಟಿ ಬಿಡಿಸಿ ಕೈ ಚಾಚಿದ. ನಿರುಪಮಾ ಆ ಕೈ ಹಿಡಿಯಲಿಲ್ಲ. ಇಳಾಳನ್ನು ಹತ್ತಿರ ಎಳೆದುಕೊಂಡು ಪೆಟ್ಟಿಗೆಯ ಕಡೆ ತಿರುಗಿದಳು. ಮುಚ್ಚಳ ಬಿತ್ತು, ಪೆಟ್ಟಿಗೆ ಒಳಗೆ ಸರಿಯಿತು. ಆಲೋಯಿಸ್ ಕೊನೆಯವರೆಗೂ ನಿಂತಿದ್ದು, ಪಾಳಿಯ ಹೊತ್ತಾಯಿತೆಂದು ತಲೆ ತಗ್ಗಿಸಿ ಹೊರಟ.

*

ಮನೆಗೆ ಬಂದು ಸ್ನಾನ ಮಾಡಿದ್ದಾಯಿತು. ಮಾಧವ್ ಮಾಡಿದ ಅನ್ನ ತಟ್ಟೆಯಲ್ಲೇ ಆರಿತು. ಆರು ಗಂಟೆಗೆ ಫೋನು ಒಂದು ಸಲ ರಿಂಗಾಗಿ ನಿಂತಿತು.

ಇಳಾ ಓಡಿಹೋಗಿ ಎತ್ತಿದಳು. ಯಾರೂ ಇಲ್ಲ ಎಂದು ಜರ್ಮನ್‌ನಲ್ಲಿ ಹೇಳಿ ಇಟ್ಟಳು.

ನಿರುಪಮಾ ಗೋಡೆಯ ಕ್ಯಾಲೆಂಡರ್ ನೋಡಿದಳು. ಶುಕ್ರವಾರ. ಫ್ರಿಜ್ಜಿನ ಮೇಲಿನ ಚೀಟಿಯಲ್ಲಿ ಶೇಷಗಿರಿಯ ದುಂಡು ಕನ್ನಡ ಅಕ್ಷರದಲ್ಲಿ ಆಲೋಯಿಸ್ ಎಂದು ಬರೆದು, ಪಕ್ಕದಲ್ಲಿ ನಂಬರಿತ್ತು. ಆ ಕಡೆ ಅವನು ಫೋನಿನ ಪಕ್ಕದಲ್ಲೇ ಕೂತಿರಬೇಕು. ಪಾಪ, ಮೊಮ್ಮಗುವಿನ ಮುಖವನ್ನಾದರೂ ಈ ವಾರ ನೆಟ್ಟಗೆ ನೋಡಿದನೋ ಇಲ್ಲವೋ. ಅವಳು ಚೀಟಿಯನ್ನು ತೆಗೆದು ಫೋನಿನ ಹತ್ತಿರ ತಂದಳು.

ಆಮೇಲೆ ನಂಬರನ್ನು ಮೂರು ಸಲ ಓದಿ ಒತ್ತಿದಳು. ಆ ಕಡೆ ಒಂದು ರಿಂಗಾಯಿತು. ಫೋನ್ ಇಟ್ಟು, ಕಾಫಿಗೆ ನೀರಿಟ್ಟಳು.